ಉಡುಗೊರೆಯ ಉಡುಪು

ಕಳೆದ ವರ್ಷ ನಮ್ಮ ಅಧ್ಯಾಪಕರೊಬ್ಬರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಉಡುಗೊರೆಗಳ ರಾಶಿಯೇ ಬಿದ್ದಿತು. ನಮ್ಮ ಒತ್ತಾಯಕ್ಕೆ ಅವರು ಅಲ್ಲಿಯೇ ಎಲ್ಲವನ್ನೂ ಬಿಚ್ಚಿದರು. ಮರುದಿನ ಬೆಳಿಗ್ಗೆ ಸಭಾಂಗಣ ಗುಡಿಸುತ್ತಿದ್ದ ಅಮ್ಮನನ್ನು, "ಇಷ್ಟೊಂದು ಕಾಗದ! ಮಾರಿದರೆ ನಾಲ್ಕು ಕಾಸಾದರೂ ಬರುತ್ತದಲ್ಲವೆ?" ಎಂದು ಕೇಳಿದೆ. "ಇದನ್ನ ಗುಜರಿಯವನು ಮುಟ್ಟೋದೂ ಇಲ್ಲ ಕಣಪ್ಪ. ಸುಟ್ಟರೆ ನಾತ, ಬಿಟ್ಟರೆ ಚರಂಡಿ ಕಟ್ಟಿಕೊಳ್ತದೆ" ಎಂದರು. ಆ ಕಸದಲ್ಲಿ ನಾನು ತಂದ ಕಾಗದವೂ ಇತ್ತು.

ಆಕೆಯ ಮಾತು ನಿಜ. ಹೊಳೆಯುವ ಇಂಥ ಕಾಗದಕ್ಕೆ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನ ತೆಳು ಪೊರೆ ಅಂಟಿರುತ್ತದೆ. ಕಾಗದದ ಗಿರಣಿಗೆ ಅದು ಬೇಡದ ವಸ್ತು. ಮುಷ್ಟಿಯಲ್ಲಿ ಮುದುರಿ ಬಿಟ್ಟು ನೋಡಿ. ಮುದುರಿದಂತೆಯೇ ಉಳಿದರೆ ಕಾಗದ. ತಾನಾಗಿ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಇದೆಯೆಂದು ತಿಳಿಯಬಹುದು. ಮಿಠಾಯಿ ಪೆಟ್ಟಿಗೆಗೂ ಆಹ್ವಾನಪತ್ರಿಕೆಗೂ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದೆ. ಆದರೆ ಕಾನೂನು ನಮ್ಮ ಅಭಿರುಚಿಯನ್ನು ತಿದ್ದಲಾರದು.

ಇದಕ್ಕಿಂತ ದೊಡ್ಡ ನಷ್ಟವೊಂದು ಆ ದಿನ ಆಗಿತ್ತು. ನನಗೆ ಆಮೇಲೆ ತಿಳಿಯಿತು. ಹಳ್ಳಿಯಿಂದ ಬರುವ ನನ್ನ ಗೆಳೆಯನೊಬ್ಬ ಒಂದು ಪುಸ್ತಕವನ್ನು ಕೊಂಡು, ಪತ್ರಿಕೆಯ ಹಾಳೆಯಲ್ಲಿ ಸುತ್ತಿ ತಂದಿದ್ದನಂತೆ. ಆ ಥಳುಕಿನ ರಾಶಿಯನ್ನು ಕಂಡು ಅದನ್ನು ಚೀಲದಿಂದ ತೆಗೆಯಲೇ ಇಲ್ಲ! ಪ್ರೀತಿಯನ್ನು ನಾಚಿಸುವ ಹೊದಿಕೆ ಎಂಥ ಹೊದಿಕೆ?

ಜಪಾನಿನವರು 'ಫುರೋಷಿಕಿ' ಎಂಬ ಚೌಕದ ಬಟ್ಟೆಯಲ್ಲಿ ಉಡುಗೊರೆಯನ್ನು ಕಟ್ಟಿ ಕೊಡುತ್ತಾರೆ. ಸ್ನಾನದ ಮನೆಗೆ ಬಟ್ಟೆಬರೆ ಒಯ್ಯುತ್ತಿದ್ದ ಗಂಟಿನಿಂದ ಬಂದ ಹೆಸರದು. 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯಿಕೆ ಆ ಪದ್ಧತಿಗೆ ಮರಳುವಂತೆ ಜನರಿಗೆ ಕರೆ ಕೊಟ್ಟರು. ನಾವೇನೂ ಜಪಾನಿಗೆ ಹೋಗಬೇಕಾಗಿಲ್ಲ. ಗೌರಿಹಬ್ಬದ ಬಾಗಿನವನ್ನು ನೆನೆಯಿರಿ: ಒಂದು ಮೊರದಲ್ಲಿ ಸಾಮಗ್ರಿ, ಇನ್ನೊಂದು ಮೊರ ಅದಕ್ಕೆ ಮುಚ್ಚಳ. ಹಬ್ಬ ಮುಗಿದರೆ ಎರಡೂ ಅಕ್ಕಿ ಕೇರಲು ಒದಗುತ್ತವೆ.

ನಮ್ಮ ತಾಯಂದಿರ ಪೆಟ್ಟಿಗೆಯಲ್ಲಿ ರವಿಕೆ ಕಣಗಳಿಗೆ ಬರವೆ? ಹೊಲಿಸಿಕೊಳ್ಳುವ ಯೋಗವಿಲ್ಲದೆ ಅವು ಅರಿಶಿನ ಕುಂಕುಮದೊಡನೆ ಮನೆಯಿಂದ ಮನೆಗೆ ಸಂಚಾರ ಮಾಡುತ್ತಲೇ ಇರುತ್ತವೆ. ಅಂಥದೊಂದನ್ನು ಹಾಸಿ, ಪುಸ್ತಕವನ್ನು ನಡುವೆ ಓರೆಯಾಗಿಟ್ಟು, ಎದುರುಬದುರಿನ ಎರಡು ಮೂಲೆಗಳನ್ನು ಅದರ ಮೇಲೆ ಮಡಿಸಿ, ಉಳಿದೆರಡನ್ನು ಗಂಟು ಹಾಕಿದರಾಯಿತು. ಬಟ್ಟೆಯ ಕರ್ಣ ವಸ್ತುವಿನ ಉದ್ದದ ಮೂರರಷ್ಟಿದ್ದರೆ ಸಾಕು. ಅಂಟು ಬೇಡ, ಕತ್ತರಿ ಬೇಡ. ಕಣವಿಲ್ಲದವರಿಗೆ ಹಳೆಯ ಕ್ಯಾಲೆಂಡರಿನ ಹಾಳೆಯೂ ಆದೀತು.

"ಹೊಳಪಿಲ್ಲದೆ ಸಂಭ್ರಮವೆಲ್ಲಿ?" ಎಂದು ಮಿತ್ರರು ಕೇಳಬಹುದು. ಒಳಗೇನಿದೆಯೆಂಬ ಕುತೂಹಲದಲ್ಲಿ ಸಂಭ್ರಮವಿದೆ. ಅದನ್ನು ಗಂಟು ಬಿಚ್ಚುವಾಗಲೂ ಪಡೆಯಬಹುದು.

ಈ ವರ್ಷದ ವಾರ್ಷಿಕೋತ್ಸವದಲ್ಲಿ ಬಹುಮಾನದ ಪುಸ್ತಕಗಳನ್ನು ಹೀಗೆಯೇ ಬಟ್ಟೆಯಲ್ಲಿ ಕಟ್ಟಿ ಕೊಡಬೇಕೆಂದು ವಿದ್ಯಾರ್ಥಿ ಸಂಘಕ್ಕೆ ನನ್ನ ವಿನಂತಿ. ಬಟ್ಟೆಯನ್ನು ಹಿಂದಿರುಗಿಸಿದರೆ ಮುಂದಿನ ವರ್ಷಕ್ಕಾಯಿತು. ಹಾಗಾದಲ್ಲಿ ಗುಡಿಸುವ ಅಮ್ಮನ ಕೆಲಸ ಹಗುರಾದೀತು. ನನ್ನ ಗೆಳೆಯನ ಚೀಲದಲ್ಲಿ ಉಳಿದುಹೋದ ಪುಸ್ತಕವೂ ಹೊರಗೆ ಬಂದೀತು.