ಫಾಕ್ನರ್‌ಗೆ ಹದಿನಾಲ್ಕು ಬಣ್ಣ

ವಿಲಿಯಂ ಫಾಕ್ನರ್‌ನ ‘ದಿ ಸೌಂಡ್ ಅಂಡ್ ದಿ ಫ್ಯೂರಿ’ಯ ಹಳೇ ಪ್ರತಿಯೊಂದು ನನ್ನ ಹತ್ತಿರ ಇದೆ, ಎಂ.ಎ. ಓದುವಾಗ ಕೊಂಡದ್ದು. ಮೊದಲ ಭಾಗದ ಅಂಚಿನ ತುಂಬ ಕೆಂಪು, ನೀಲಿ ಪೆನ್ಸಿಲ್ ಗೆರೆ. ಕಥೆ ಯಾವ ಕಾಲದಲ್ಲಿದೆ ಎಂದು ಗುರುತು ಹಾಕಿಕೊಳ್ಳಲು ಎರಡು ಬಣ್ಣ ಸಾಲದೆ ತಂಗಿಯ ಹಸಿರು ಕ್ರೆಯಾನ್ ಕದ್ದಿದ್ದೆ.

ಇದೇ ಕೆಲಸವನ್ನು ಲಂಡನ್ನಿನ ಫೋಲಿಯೊ ಸೊಸೈಟಿ 2012ರಲ್ಲಿ ಅಚ್ಚಿನಲ್ಲೇ ಮಾಡಿತು. ಬೆಂಜಿ ಹೇಳುವ ಆ ಭಾಗವನ್ನು 14 ಬಣ್ಣದ ಶಾಯಿಯಲ್ಲಿ ಮುದ್ರಿಸಿತು, ಒಂದೊಂದು ಕಾಲಕ್ಕೆ ಒಂದೊಂದು ಬಣ್ಣ. ಯಾವ ವಾಕ್ಯ ಯಾವ ಕಾಲದ್ದು ಎಂದು ವಿಂಗಡಿಸಿಕೊಟ್ಟವರು ಫಾಕ್ನರ್ ವಿದ್ವಾಂಸರಾದ ನೋಯೆಲ್ ಪೋಕ್ ಮತ್ತು ಸ್ಟೀಫನ್ ರಾಸ್. ಬಣ್ಣದ ಶಾಯಿ ಫಾಕ್ನರ್‌ನದೇ ಹಳೆಯ ಆಸೆ. 1929ರಲ್ಲಿ ಕರಡು ನೋಡುತ್ತಿದ್ದ ಗೆಳೆಯ ಬೆನ್ ವಾಸನ್, ಕಾಲ ಬದಲಾಗುವುದನ್ನು ತೋರಿಸುವ ಓರೆ ಅಕ್ಷರ ತೆಗೆದು ಸಾಲುಗಳ ನಡುವೆ ಜಾಗ ಬಿಟ್ಟಿದ್ದ. ಫಾಕ್ನರ್ ಒಪ್ಪದೆ ಓರೆ ಅಕ್ಷರಗಳನ್ನು ಮತ್ತೆ ಹಾಕಿದ. ಬಣ್ಣದಲ್ಲಿ ಅಚ್ಚು ಹಾಕುವಂತಿದ್ದರೆ ಎಂದು ಹಂಬಲಿಸಿದ.

ಆದರೂ ನನಗೆ ಆ ಪುಸ್ತಕ ಬೇಡ. (ಹೊರಬಂದದ್ದೇ 1,480 ಪ್ರತಿ, ಬೇಕೆಂದರೂ ಮೇಷ್ಟ್ರ ಪಿಂಚಣಿಗೆ ಎಟುಕುವಂಥದ್ದಲ್ಲ.) ಬೆಂಜಿಗೆ 33 ವರ್ಷ, ಮಾತು ಬರುವುದಿಲ್ಲ. ಬೇಲಿಯ ಸಂದಿಯಲ್ಲಿ ನುಸುಳುವಾಗ ಅವನ ಬಟ್ಟೆ ಮೊಳೆಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸುವ ಕೈ ಅಕ್ಕ ಕ್ಯಾಡಿಯದು! ಅವಳು ಮನೆ ಬಿಟ್ಟು ಎಷ್ಟೋ ವರ್ಷವಾಗಿದೆ. ನಾವಾಗಲೇ ಅವನ ಬಾಲ್ಯದ ಕ್ರಿಸ್‌ಮಸ್ ಚಳಿಯಲ್ಲಿದ್ದೇವೆ. ಅವನಿಗೆ ಆಗ, ಈಗ ಎಂಬುದೇ ಇಲ್ಲ. ಪುಟ ತಿರುಗಿಸುತ್ತಲೇ ಮುಂದಿನ ಬಣ್ಣ ಕಣ್ಣಿಗೆ ಬಿದ್ದರೆ, ಮೊಳೆ ತಾಗುವ ಮೊದಲೇ ಓದುವವನು ಹುಷಾರಾಗಿಬಿಡುತ್ತಾನೆ.

ವಿದ್ವತ್ತು ಬೇಡವೆಂದಲ್ಲ. ನನ್ನ ಮೇಷ್ಟ್ರು ಒಂದೇ ಸುಳಿವು ಕೊಟ್ಟಿದ್ದರು: ‘ಬೆಂಜಿಯನ್ನು ನೋಡಿಕೊಳ್ಳುತ್ತಿರುವ ಹುಡುಗ ಯಾರು, ನೋಡಯ್ಯ.’ ವರ್ಶ್ ಇದ್ದರೆ ಬಾಲ್ಯ, ಟಿ.ಪಿ. ಇದ್ದರೆ ಹರೆಯ, ಲಸ್ಟರ್ ಬಂದರೆ 1928ರ ಏಪ್ರಿಲ್ 7. ಮೂವರೂ ಅಡುಗೆಯ ಡಿಲ್ಸಿಯ ಮನೆಯವರು. ಇದು ಸಂಶೋಧಕರು ಕಾದಂಬರಿಯ ಒಳಗಿಂದಲೇ ಹೆಕ್ಕಿದ ಬೀಗದ ಕೈ. ತೆರೆಯುವ ಕೆಲಸ ನಮಗೇ ಉಳಿಯಿತು. ಕ್ರೆಯಾನ್ ತಂಗಿಗೆ ವಾಪಸ್ ಹೋಯಿತು, ಮೊಂಡಾಗಿ.

ಇನ್ನೊಂದು ಸಂಗತಿ ಕಂಡದ್ದು ಇದನ್ನು ಬರೆಯುವಾಗಲೇ. ಅಣ್ಣ ಕ್ವೆಂಟಿನ್‌ನನ್ನು ಹಾರ್ವರ್ಡ್‌ಗೆ ಕಳಿಸಲು ಮಾರಿದ ಹುಲ್ಲುಗಾವಲು ಈಗ ಗಾಲ್ಫ್ ಮೈದಾನ. ಆಡುವವರು ಚೀಲ ಹೊರುವ ಹುಡುಗನನ್ನು ‘ಕ್ಯಾಡಿ’ ಎಂದು ಕೂಗಿದರೆ ಬೇಲಿಯಾಚೆ ಬೆಂಜಿ ಗೋಳಾಡುತ್ತಾನೆ. ಇಂಗ್ಲಿಷಿನಲ್ಲಿ ಅಕ್ಕನ ಹೆಸರಿನ ಕಾಗುಣಿತ ಬೇರೆ, ಆಳಿನದು ಬೇರೆ. ಓದುವವನ ಕಣ್ಣಿಗೆ ವ್ಯತ್ಯಾಸ ಗೊತ್ತಾಗುತ್ತದೆ, ಬೆಂಜಿಯ ಕಿವಿಗೆ ಗೊತ್ತಾಗದು. ಕನ್ನಡದಲ್ಲಿ ಅವಳೂ ‘ಕ್ಯಾಡಿ’, ಅವನೂ ‘ಕ್ಯಾಡಿ’. ಬರೆದು ನೋಡಿದೆ. ಯಾವುದು ಯಾರೆಂದು ನನಗೂ ಒಂದು ಕ್ಷಣ ತಿಳಿಯಲಿಲ್ಲ.