ಹಾಲಿನ ಕವರಿನಲ್ಲಿ ಉಳಿಸಿ, ಛತ್ರದಲ್ಲಿ ಸುರಿದರೆ

ಮಧ್ಯಮ ವರ್ಗದ ಕನ್ನಡ ಮನೆಗಳಿಗೆ ಮಿತವ್ಯಯವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಟೂತ್‌ಪೇಸ್ಟ್ ಟ್ಯೂಬಿನ ಹೊಟ್ಟೆ ಕತ್ತರಿಸಿ ಕೊನೆಯ ಚೂರನ್ನೂ ಬಳಿಯುವವರು, ಹಾಲಿನ ಖಾಲಿ ಕವರುಗಳನ್ನು ತೊಳೆದು ಒಣಗಿಸಿ ಗುಜರಿಯವನಿಗೆ ತೂಕಕ್ಕೆ ಹಾಕುವವರು, ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡುವವರು ಇಲ್ಲೇ ಇದ್ದಾರೆ. ಆದರೆ ಪೈಸೆ ಪೈಸೆಗೂ ಲೆಕ್ಕ ಇಡುವ ಈ ಮನೆಯೇ ಮಗಳ ಮದುವೆ ಬಂತೆಂದರೆ, ವರ್ಷಗಟ್ಟಲೆ ಕೂಡಿಟ್ಟದ್ದನ್ನು ಎರಡು ದಿನದಲ್ಲಿ ಛತ್ರದಲ್ಲಿ ಸುರಿದು ಬರುತ್ತದೆ. ಸಾಲದ್ದಕ್ಕೆ ಸಾಲ.

ಲೆಕ್ಕ ಹಾಕಿ ನೋಡಬಹುದು. ಮದುವೆಗೆಂದು 10 ಲಕ್ಷ ರೂಪಾಯಿ ವೈಯಕ್ತಿಕ ಸಾಲವನ್ನು ಶೇ 14ರ ಬಡ್ಡಿಗೆ, ಐದು ವರ್ಷದ ಅವಧಿಗೆ ತೆಗೆದರೆ ತಿಂಗಳ ಕಂತು 23 ಸಾವಿರ ರೂಪಾಯಿ ದಾಟುತ್ತದೆ. ಬಡ್ಡಿಯೊಂದೇ ಹೆಚ್ಚುಕಡಿಮೆ ನಾಲ್ಕು ಲಕ್ಷ. ಆ ಸಾಲ ಮಾಡದೆ ಅದೇ 23 ಸಾವಿರವನ್ನು ತಿಂಗಳು ತಿಂಗಳು ಶೇ 6.5 ಬಡ್ಡಿಯ ಆರ್.ಡಿ.ಗೆ ಕಟ್ಟಿದ್ದರೆ ಐದು ವರ್ಷಕ್ಕೆ ಹದಿನಾರು ಲಕ್ಷದಷ್ಟು ಕೈಗೆ ಬರುತ್ತಿತ್ತು. ಒಂದು ಸೈಟಿನ ಮುಂಗಡಕ್ಕೋ ಮಗಳ ಮುಂದಿನ ಓದಿಗೋ ಆಗುತ್ತಿದ್ದ ದುಡ್ಡು ಅದು. ಟೂತ್‌ಪೇಸ್ಟ್ ಟ್ಯೂಬು ಕತ್ತರಿಸಿ ಇದನ್ನು ತುಂಬಿಕೊಳ್ಳಲು ಏಳು ಜನ್ಮ ಬೇಕು.

ಇಷ್ಟು ಸುರಿದ ಮೇಲೆ ಬಂದವರ ಹೊಟ್ಟೆಯಾದರೂ ಸರಿಯಾಗಿ ತುಂಬುತ್ತದೆಯೇ? 2012ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಕುಲಪತಿ ಕೆ. ನಾರಾಯಣಗೌಡರ ನೇತೃತ್ವದಲ್ಲಿ ನಗರದ 75 ಕಲ್ಯಾಣ ಮಂಟಪಗಳಲ್ಲಿ ಅಧ್ಯಯನ ನಡೆಸಿದರು. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತಿದೆ ಎಂದು ಅಂದಾಜಿಸಿದರು. ಯಾವುದೇ ಛತ್ರದ ಎರಡನೇ ಪಂಕ್ತಿ ಎದ್ದ ಮೇಲೆ ಎಲೆಗಳನ್ನೊಮ್ಮೆ ನೋಡಿದರೆ ಈ ಅಂಕಿ ಅಚ್ಚರಿ ಹುಟ್ಟಿಸುವುದಿಲ್ಲ: ಅರ್ಧ ಕಚ್ಚಿದ ಹೋಳಿಗೆ, ಮುಟ್ಟದೇ ಬಿಟ್ಟ ಎರಡು ಬಗೆಯ ಪಲ್ಯ, ತುಪ್ಪದಲ್ಲಿ ತೇಲುವ ಅನ್ನ. ಬೇಡ ಬೇಡ ಎಂದು ಕೈ ಅಡ್ಡ ಹಿಡಿದವರಿಗೂ ಬಡಿಸುವುದನ್ನು ನಾವು ಉಪಚಾರ ಎಂದುಕೊಂಡಿದ್ದೇವೆ.

ಈ ದುಂದಿಗೆ ಮದ್ದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ಮಾಡಿಸಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ರಾಹುಕಾಲದ ಹಂಗಿಲ್ಲ. ಸೇರಿದವರು ಹತ್ತಿರದ ಬೆರಳೆಣಿಕೆಯ ಜನ. ಮದುವೆಯ ಅರ್ಥ ತಿಳಿಸುವ ಮಾತುಗಳನ್ನು ಓದಿ, ಹುಡುಗ ಹುಡುಗಿಯಿಂದ ಪ್ರತಿಜ್ಞೆ ಮಾಡಿಸಿದರೆ ಮುಗಿಯಿತು. ಗಮನಿಸಬೇಕಾದದ್ದು, ಇದನ್ನು ಮಾಡಿದವರು ಕೈಲಾಗದವರಲ್ಲ. ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಕರೆದಿದ್ದರೆ ಸಾವಿರಾರು ಜನ ಬರುತ್ತಿದ್ದಂಥ ಕವಿ. ಬೇಡವೆಂದರು, ಅಷ್ಟೆ. ಮುಂದೆ ರೈತ ಸಂಘದವರೂ ಹಳ್ಳಿಗಳಲ್ಲಿ ಇಂಥ ಸರಳ ಮದುವೆಗಳನ್ನು ಮಾಡಿಸಿದರು. 2023ರಲ್ಲಿ ನಟಿ ಪೂಜಾ ಗಾಂಧಿ ಮಂತ್ರ ಮಾಂಗಲ್ಯದ ಮೂಲಕ ಮದುವೆಯಾದಾಗ ಹೊಸ ತಲೆಮಾರಿನ ಅನೇಕರು ಈ ಹೆಸರನ್ನು ಮೊದಲ ಸಲ ಕೇಳಿದರು!

ಅದ್ಧೂರಿ ಮದುವೆಯ ಪರ ಒಂದು ವಾದವುಂಟು: ಅಡುಗೆ ಭಟ್ಟರು, ಹೂವಿನವರು, ವಾಲಗದವರು, ಶಾಮಿಯಾನದವರು ಬದುಕುವುದು ಇದರಿಂದಲೇ. ಸುಳ್ಳಲ್ಲ. ಆದರೆ ನೂರು ಜನರ ಮದುವೆಗೂ ಭಟ್ಟರು ಬೇಕು, ವಾಲಗ ಬೇಕು. ಕೈಬಿಡಬಹುದಾದದ್ದು ಡ್ರೋನ್, ಪ್ರಿ-ವೆಡ್ಡಿಂಗ್ ಶೂಟ್, ಒಂದು ಸಂಜೆಗೆಂದು ತರಿಸುವ ಹೊರದೇಶದ ಹೂವಿನ ಗೋಡೆ.

ಸರಳ ಮದುವೆಗೆ ನಿಜವಾದ ಅಡ್ಡಿ ನಾಲ್ಕು ಜನ ಏನಂದಾರು ಎಂಬುದು. ದಾರಿಗಳೇನೋ ಇವೆ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ಮುಜರಾಯಿ ದೇವಸ್ಥಾನಗಳಲ್ಲಿ ಸರ್ಕಾರ ‘ಸಪ್ತಪದಿ’ ಎಂಬ ಸಾಮೂಹಿಕ ವಿವಾಹ ಯೋಜನೆ ತಂದಿತು. ಎರಡೂ ಒಳ್ಳೆಯ ಕೆಲಸವೇ. ಆದರೆ ಸರಳ ಮದುವೆ ಎಂದರೆ ಬಡವರ ಮದುವೆ ಎಂಬ ಭಾವನೆಯೂ ಅವುಗಳ ಜೊತೆಗೇ ಬೇರೂರಿತು. ಉಳ್ಳವನು ಸರಳವಾಗಿ ಮಾಡಿದರೆ ಆದರ್ಶ, ಗುಮಾಸ್ತ ಮಾಡಿದರೆ ಜಿಪುಣತನ. ಊರಿನ ಶಾಸಕರೋ ಗುತ್ತಿಗೆದಾರರೋ ಮೈದಾನದಲ್ಲಿ ಚಪ್ಪರ ಹಾಕಿಸಿದರೆ ಸುತ್ತಲಿನ ಹಳ್ಳಿಗಳಲ್ಲಿ ಮದುವೆಯ ‘ರೇಟು’ ಏರುತ್ತದೆ. ಅದರ ಸಾಲ ತೀರಿಸುವವನು ಮೂರೆಕರೆ ರೈತ.

ಹೆಣ್ಣಿನ ಮನೆಯವರು ಸರಳ ಮದುವೆಯ ಮಾತೆತ್ತಿದರೆ ಜಿಪುಣರೆನಿಸುತ್ತಾರೆ. ಅದಕ್ಕೇ ಆ ಮಾತು ಶುರುವಾಗಬೇಕಾದದ್ದು ಗಂಡಿನ ಮನೆಯಿಂದ. “ನಮಗೇನೂ ಬೇಡ, ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ” ಎನ್ನುವುದು ವರದಕ್ಷಿಣೆಯದೇ ಸಭ್ಯ ರೂಪ. ಆ ‘ಚೆನ್ನಾಗಿ’ಯೊಳಗೆ ಏನೇನು ಅಡಗಿದೆ ಎಂದು ಹೆಣ್ಣಿನ ಅಪ್ಪ ಕೇಳುವಂತಿಲ್ಲ. ಮಾತುಕತೆಗೆ ಕೂತ ದಿನವೇ ಬೀಗರು ‘ನೂರೇ ಜನ ಸಾಕು, ಖರ್ಚು ಅರ್ಧರ್ಧ’ ಎಂದುಬಿಟ್ಟರೆ, ಮಾರನೇ ದಿನ ಹುಡುಗಿಯ ಅಪ್ಪ ಬ್ಯಾಂಕಿಗೆ ಹೋಗಬೇಕಾಗಿಲ್ಲ.