ಮಗುವನ್ನು ಒಪ್ಪಿಸುವ ಮುನ್ನ

ನಾಲ್ಕು ಪವನು ಚಿನ್ನವನ್ನು ಬ್ಯಾಂಕಿನ ಲಾಕರಿನಲ್ಲಿಡುವಾಗ ನಾವು ಹತ್ತು ಪ್ರಶ್ನೆ ಕೇಳುತ್ತೇವೆ. ಕೀಲಿ ಯಾರ ಬಳಿಯಿರುತ್ತದೆ, ರಿಜಿಸ್ಟರಿನಲ್ಲಿ ಯಾರು ಸಹಿ ಹಾಕಬೇಕು ಎಂದೆಲ್ಲ ವಿಚಾರಿಸುತ್ತೇವೆ. ಆದರೆ ಒಂದೂವರೆ ವರ್ಷದ ಮಗುವನ್ನು ಬೇಬಿ ಸಿಟ್ಟಿಂಗ್‌ಗೆ ಸೇರಿಸುವಾಗ ಕೇಳುವುದು ಬಹುತೇಕ ಎರಡೇ ಪ್ರಶ್ನೆ: ಫೀಸು ಎಷ್ಟು, ಸಂಜೆ ಎಷ್ಟು ಗಂಟೆಯವರೆಗೆ ನೋಡಿಕೊಳ್ಳುತ್ತೀರಿ? ಗೋಡೆಯ ಮೇಲೆ ಬಣ್ಣದ ಚಿತ್ರಗಳಿದ್ದು, ಬೋರ್ಡಿನಲ್ಲಿ ‘ಇಂಟರ್‌ನ್ಯಾಶನಲ್’ ಎಂಬ ಪದವಿದ್ದರೆ ಅಷ್ಟನ್ನೂ ಕೇಳದವರಿದ್ದಾರೆ.

ನಮ್ಮ ಕುಟುಂಬಗಳು ಬದಲಾಗಿವೆ. ಪತಿ ಗಲ್ಫಿನಲ್ಲಿ, ಪತ್ನಿ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಉದ್ಯೋಗದಲ್ಲಿ, ಅತ್ತೆ-ಮಾವ ಊರಿನಲ್ಲಿ- ಇದು ಪಟ್ಟಣದ ಮುಸ್ಲಿಮ್ ಮನೆಗಳಲ್ಲಿ ಈಗ ಅಪರೂಪವಲ್ಲ. ಹೀಗಿರುವಾಗ, ಮಗುವನ್ನು ಅನ್ಯರ ಕೈಗೆ ಕೊಡುವ ತಾಯಿಯ ಬಗ್ಗೆ ಮಾತಾಡಿಕೊಳ್ಳುವವರು ಒಂದನ್ನು ನೆನಪಿಸಿಕೊಳ್ಳುವುದು ಒಳಿತು. ಪ್ರವಾದಿ ಮುಹಮ್ಮದ್(ಸ)ರ ಶೈಶವ ಕಳೆದದ್ದು ಹಲೀಮಾ(ರ)ರ ಮಡಿಲಲ್ಲಿ. ಮಗುವಿಗೆ ಇನ್ನೊಬ್ಬರಿಂದ ಹಾಲುಣಿಸುವುದನ್ನು ಪವಿತ್ರ ಕುರ್‌ಆನ್ (2:233) ತಪ್ಪೆನ್ನುವುದಿಲ್ಲ. ಆದರೆ ಅದು ಒಂದು ಷರತ್ತನ್ನಿಡುತ್ತದೆ: ಆಕೆಗೆ ಸಲ್ಲಬೇಕಾದುದನ್ನು ನ್ಯಾಯೋಚಿತವಾಗಿ ಪಾವತಿಸಬೇಕು.

ಈ ಷರತ್ತಿನ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಹೆತ್ತವರಿಂದ ಸಾವಿರಾರು ರೂಪಾಯಿ ಪಡೆಯುವ ಕೇಂದ್ರವು ಮಗುವಿನ ಮೂಗು ಒರೆಸುವ, ಬಟ್ಟೆ ಬದಲಿಸುವ ಆಯಾಗೆ ಎಷ್ಟು ಕೊಡುತ್ತದೆ? ಸಂಬಳ ಸಾಲದೆ ಮೂರು ತಿಂಗಳಿಗೊಮ್ಮೆ ಆಯಾ ಬದಲಾದರೆ ನಷ್ಟ ಮಗುವಿನದ್ದು. ಎರಡು ವರ್ಷದೊಳಗಿನ ಮಗು ಹಚ್ಚಿಕೊಳ್ಳುವುದು ಒಂದು ಮುಖವನ್ನು, ಒಂದು ಧ್ವನಿಯನ್ನು. ಆದ್ದರಿಂದ ಸೇರಿಸಲು ಹೋದಾಗ ಮಾಲಿಕರ ಕೋಣೆಯಲ್ಲಿ ಕೂತು ಚಹಾ ಕುಡಿಯುವ ಬದಲು, ಇಲ್ಲಿ ಎಷ್ಟು ವರ್ಷಗಳಿಂದ ಇದ್ದೀರಿ ಎಂದು ಆಯಾರನ್ನೇ ಕೇಳಬೇಕು. ಕೇಂದ್ರದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಪ್ರಶ್ನೆ ಇನ್ನೊಂದಿಲ್ಲ.

ಭೇಟಿಯನ್ನು ಮುಂಚಿತವಾಗಿ ತಿಳಿಸಬಾರದು. ಬೆಳಿಗ್ಗೆ ಹತ್ತಕ್ಕೆ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ಕಾಣುತ್ತವೆ. ಊಟ ಮುಗಿದು ಮಕ್ಕಳು ರಚ್ಚೆ ಹಿಡಿಯುವ ಮಧ್ಯಾಹ್ನದ ಹೊತ್ತಿಗೆ ಹೋಗಬೇಕು. ಹೆತ್ತವರು ಯಾವ ಹೊತ್ತಿಗೂ ಒಳಬರುವಂತಿಲ್ಲ ಎಂಬ ನಿಯಮವಿದ್ದರೆ ಅಲ್ಲಿಂದ ಹಿಂದಿರುಗುವುದೇ ಸರಿ. ಇನ್ನು, ತಲೆ ಎಣಿಸಬೇಕು. ಖಾಸಗಿ ಪ್ಲೇ ಸ್ಕೂಲುಗಳಿಗಾಗಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರೂಪಿಸಿದ ಮಾರ್ಗಸೂಚಿಯು ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬ ಶಿಕ್ಷಕಿ ಮತ್ತು ಒಬ್ಬ ಆಯಾ ಇರಬೇಕೆನ್ನುತ್ತದೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಇದು ಸಾಲದು. ಲೆಕ್ಕ ಸರಳವಿದೆ. ಬೆಂಕಿ ಬಿದ್ದರೆ ಒಬ್ಬಾಕೆ ನಡೆಯಲು ಬಾರದ ಎಷ್ಟು ಕೂಸುಗಳನ್ನು ಎತ್ತಿಕೊಂಡು ಹೊರಬರಬಲ್ಲಳು?

ಇದು ಅತಿಯಾದ ಭಯ ಎನ್ನುವವರು 2004ರ ಜುಲೈ 16ನ್ನು ನೆನಪಿಸಿಕೊಳ್ಳಲಿ. ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಹುಲ್ಲಿನ ಛಾವಣಿಗೆ ಹಬ್ಬಿ 94 ಮಕ್ಕಳು ಸುಟ್ಟುಹೋದರು. ಮೂರನೇ ಮಹಡಿಯಲ್ಲಿ, ಒಂದೇ ಇಕ್ಕಟ್ಟಾದ ಮೆಟ್ಟಿಲಿನ ಕಟ್ಟಡದಲ್ಲಿ ನಡೆಯುವ ಶಿಶುಪಾಲನಾ ಕೇಂದ್ರಕ್ಕೆ ಎಷ್ಟೇ ಒಳ್ಳೆಯ ಹೆಸರಿದ್ದರೂ ಬೇಡವೆಂದೇ ನಾವು ಹೇಳುತ್ತೇವೆ. ನಮ್ಮ ಊರುಗಳಲ್ಲಿ ಬೆಂಕಿಗಿಂತ ಹತ್ತಿರದ ಅಪಾಯ ನೀರು. ಮುಚ್ಚಳವಿಲ್ಲದ ಸಂಪು, ಬಚ್ಚಲಲ್ಲಿ ತುಂಬಿಟ್ಟ ಬಕೆಟ್- ತಲೆಯೇ ಭಾರವಾಗಿರುವ ಪುಟ್ಟ ಮಗು ಬಕೆಟ್ಟಿಗೆ ಬಗ್ಗಿ ಬಿದ್ದರೆ ತಾನಾಗಿ ಏಳಲಾರದು, ಕೂಗಲೂ ಆರದು. ಆದ್ದರಿಂದ ಆಟದ ಕೋಣೆಯನ್ನು ನೋಡಿದಷ್ಟೇ ಗಮನವಿಟ್ಟು ಬಚ್ಚಲನ್ನೂ ನೋಡಬೇಕು.

ಮಗುವಿನ ಚೀಲಕ್ಕೆ ಏನನ್ನು ಹಾಕುತ್ತೇವೆ ಎಂಬುದರಲ್ಲೂ ಎಚ್ಚರ ಬೇಕು. ‘ಸ್ವಲ್ಪ ನೆಗಡಿ ಇದೆ’ ಎಂದು ಕೆಮ್ಮಿನ ಸಿರಪ್ಪನ್ನು ಕಳಿಸುವ ತಾಯಂದಿರಿದ್ದಾರೆ. ಅದನ್ನು ಮಗು ಮಲಗಲೆಂದು ಇನ್ನೊಂದು ಚಮಚ ಕುಡಿಸುವವರೂ ಇರಬಹುದು. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲಿನಲ್ಲೇ ಮುದ್ರಿಸುವಂತೆ 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಸೂಚಿಸಿದರು. ಮನೆಗೆ ಬಂದ ಮಗು ದಿನವೂ ಮಂಕಾಗಿ ಮಲಗುತ್ತಿದ್ದರೆ, ‘ಎಷ್ಟು ಜಾಣ, ಅಳುವುದೇ ಇಲ್ಲ’ ಎಂದು ಸಂತೋಷಪಡುವ ಬದಲು ಕಾರಣ ಹುಡುಕಬೇಕು. ಜ್ವರವಿರುವ ಮಗುವನ್ನಂತೂ ಕಳಿಸಲೇಬಾರದು.

ಲಸಿಕೆಯ ಮಾತನ್ನು ನಮ್ಮವರ ಮುಂದೆ ಮತ್ತೆ ಮತ್ತೆ ಆಡಬೇಕಾಗಿರುವುದು ಬೇಸರದ ಸಂಗತಿ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆದಾಗ ವಾಟ್ಸ್ಯಾಪಿನ ವದಂತಿಗಳನ್ನು ನಂಬಿದವರಲ್ಲಿ ನಮ್ಮವರೂ ಇದ್ದರು. ಈ ಲಸಿಕೆಯ ಮೊದಲ ಡೋಸನ್ನು ಕೊಡುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ಅಂದರೆ, ಅದೇ ಕೋಣೆಯಲ್ಲಿರುವ ಆರು ತಿಂಗಳ ಕೂಸಿಗೆ ರಕ್ಷಣೆ ಸಿಗುವುದು ಉಳಿದ ಮಕ್ಕಳು ಲಸಿಕೆ ಪಡೆದಿದ್ದರೆ ಮಾತ್ರ. ದಾಖಲಾತಿಯ ವೇಳೆ ಲಸಿಕೆಯ ಕಾರ್ಡನ್ನು ಕೇಳದ ಕೇಂದ್ರವು ಇತರ ಮಕ್ಕಳ ಕಾರ್ಡನ್ನೂ ಕೇಳಿರುವುದಿಲ್ಲ.

ಇನ್ನೊಂದು ವಿಷಯವಿದೆ. ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ಮನೆಯಲ್ಲಿ ಉರ್ದು ಅಥವಾ ಬ್ಯಾರಿ ಕೇಳಿ ಬೆಳೆದ ಮಗು ಕನ್ನಡ ಮಾತಾಡುವ ಆಯಾಳ ಮುಂದೆ ‘ಪಾನಿ’ ಎಂದು ಅತ್ತರೆ ಆಕೆಗೆ ಅರ್ಥವಾಗುತ್ತದೆಯೇ? ನೀರು, ಹಸಿವು, ನಿದ್ದೆ, ನೋವು, ಮೂತ್ರಕ್ಕೆ ಮಗು ಬಳಸುವ ಪದಗಳನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಅರ್ಧ ಅಳು ಕಡಿಮೆಯಾದೀತು. ಮನೆಯಲ್ಲಿ ತಿನ್ನದ ಆಹಾರವೇನು ಎಂಬುದನ್ನೂ ಸಂಕೋಚವಿಲ್ಲದೆ ಅದೇ ಚೀಟಿಯಲ್ಲಿ ಬರೆಯಬಹುದು. ಸಂಜೆ ಮಗುವನ್ನು ಯಾರ ಕೈಗೆ ಕೊಡಬೇಕು ಎಂಬುದು ಮಾತ್ರ ಚೀಟಿಯಲ್ಲಲ್ಲ, ಕೇಂದ್ರದ ರಿಜಿಸ್ಟರಿನಲ್ಲೇ ಇರಬೇಕು. ‘ನಮ್ಮ ಕೇರಿಯ ಆಟೋದವರು’ ಎಂಬುದು ಸಾಲದು.

ಮೊದಲ ಕೆಲವು ವಾರ ಮಗು ಅಳುವುದು ಸಹಜ. ಆದರೆ ಹೊಂದಿಕೊಂಡಿದ್ದ ಮಗು ಒಮ್ಮೆಲೇ ಅಲ್ಲಿಗೆ ಹೋಗಲು ಬೆಚ್ಚಿದರೆ, ಬಟ್ಟೆ ಬದಲಿಸುವಾಗ ಹೆದರಿದರೆ ಅದನ್ನು ಹಟವೆಂದು ಗದರಿಸಬಾರದು. ಇಂಥ ಸಂದರ್ಭದಲ್ಲಿ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಪದ ‘ಮರ್ಯಾದೆ’. ಹೆಣ್ಣುಮಗುವಾದರಂತೂ ವಿಷಯ ಹೊರಗೆ ಹೋಗದಂತೆ ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಯಾರ ಮರ್ಯಾದೆಯನ್ನು ಕಾಯಲು? 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಲೈಂಗಿಕ ದೌರ್ಜನ್ಯದ ಬಗ್ಗೆ ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಸದುದ್ದೇಶದಿಂದ ಮಾಹಿತಿ ಕೊಟ್ಟವರನ್ನು ಅದು ರಕ್ಷಿಸುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಸಮವಸ್ತ್ರ ಧರಿಸದ ಅಧಿಕಾರಿ ಪಡೆಯಬೇಕು. ಗುರುತನ್ನು ಮಾಧ್ಯಮಗಳು ಬಹಿರಂಗಪಡಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಹಗಲಿರುಳು ಲಭ್ಯವಿದೆ.

ಐವತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಲು ಬಿಡಬೇಕು ಎಂಬ ನಿಯಮ 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಉದ್ಯೋಗದಲ್ಲಿರುವ ನಮ್ಮ ಸಹೋದರಿಯರಲ್ಲಿ ಎಷ್ಟು ಮಂದಿ ಇದನ್ನು ಕೇಳಿ ಪಡೆದಿದ್ದಾರೆ? ಮನೆಯ ಜಗುಲಿಯಲ್ಲೇ ಬೀಡಿ ಸುತ್ತುವ ತಾಯಿಗಂತೂ ಈ ಕಾನೂನಿನ ನೆರಳೂ ಬೀಳುವುದಿಲ್ಲ. ಅವಳ ಕೂಸು ಮೊರದ ಪಕ್ಕದಲ್ಲೇ, ಹೊಗೆಸೊಪ್ಪಿನ ಧೂಳಿನಲ್ಲೇ ಮಲಗುತ್ತದೆ.

ಅವಳಿಗಿರುವ ದಾರಿ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಈ ಯೋಜನೆಗೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ಟಿ. ನರಸೀಪುರ. ನಮ್ಮ ಪಟ್ಟಣಗಳ ಮಧ್ಯಮ ವರ್ಗ ಅದನ್ನು ಬಡವರ ಗಂಜಿಕೇಂದ್ರದಂತೆ ಕಾಣುತ್ತದೆ. ಆದರೆ ಆರು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಸಿಗುವ ಆಹಾರ 2013ರ ಆಹಾರ ಭದ್ರತಾ ಕಾಯ್ದೆಯಂತೆ ಹಕ್ಕೇ ಹೊರತು ದಾನವಲ್ಲ. ಹಳ್ಳಿ ಅಥವಾ ಕೊಳೆಗೇರಿಯ ವಸತಿಯೊಂದರಲ್ಲಿ ಆರು ವರ್ಷದೊಳಗಿನ ನಲ್ವತ್ತು ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಬೇಡಿಕೆ ಸಲ್ಲಿಸಿದ ಮೂರು ತಿಂಗಳೊಳಗೆ ತೆರೆಯಬೇಕೆಂದು ಸುಪ್ರೀಮ್ ಕೋರ್ಟು 2006ರ ಡಿಸೆಂಬರ್ 13ರಂದು ಆದೇಶಿಸಿತ್ತು. ನಮ್ಮ ಎಷ್ಟು ಮೊಹಲ್ಲಾಗಳು ಈ ಬೇಡಿಕೆಯನ್ನು ಬರೆದುಕೊಟ್ಟಿವೆ?

ಮಕ್ಕಳ ಹೆಸರು, ವಯಸ್ಸು, ಮನೆ ಸಂಖ್ಯೆಯ ಪಟ್ಟಿಯೊಂದಿಗೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಜಮಾಅತ್ ಸಮಿತಿಗೆ ಒಂದು ವಾರದ ಕೆಲಸ. ಕಟ್ಟಡವಿಲ್ಲವೆಂದು ಅಧಿಕಾರಿ ಹೇಳಬಹುದು. ಬೆಳಗಿನ ಮದ್ರಸ ಬಿಟ್ಟ ಮೇಲೆ ಸಂಜೆಯವರೆಗೂ ಬೀಗ ಹಾಕಿರುವ ಕೆಳ ಅಂತಸ್ತಿನ ಕೋಣೆಗಳು ನಮ್ಮಲ್ಲಿ ಎಷ್ಟಿಲ್ಲ! ಅದರಲ್ಲೊಂದನ್ನು ಎಲ್ಲ ಸಮುದಾಯಗಳ ಮಕ್ಕಳಿಗೂ ತೆರೆದುಕೊಡುತ್ತೇವೆಂದು ಸಮಿತಿ ಅರ್ಜಿಯಲ್ಲೇ ಬರೆಯಲಿ. ಕೊಡುವ ಮುನ್ನ ಗೇಟಿಗೆ ಚಿಲಕ ಹಾಕಿಸಿ, ಸಂಪಿಗೆ ಮುಚ್ಚಳ ಮಾಡಿಸಲಿ.